ಮಳೆ ರಜೆಯ ಕೈಕೆಲಸ: ಮೊದಲು ಒಣಗಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಗೆ ಮಳೆ ರಜೆ ಎಂದು ಬೆಳಗ್ಗೆ ಸುದ್ದಿ ಬಂದರೆ ಮಕ್ಕಳಿಗೆ ಹಬ್ಬ. ಹತ್ತು ಗಂಟೆಯೊಳಗೆ ಕರೆಂಟ್ ಹೋಗುತ್ತದೆ, ಟಿವಿ ನಿಲ್ಲುತ್ತದೆ, ಮೊಬೈಲಿನ ಚಾರ್ಜ್ ಮುಗಿಯುತ್ತದೆ. ಹನ್ನೊಂದಕ್ಕೆ ಜಗಳ ಶುರುವಾಗುತ್ತದೆ. ಅಂಥ ಮನೆಗಳ ಅಮ್ಮಂದಿರಿಗೆ, ಅಜ್ಜಿಯರಿಗೆ, ರಜೆಗೆ ಬಂದ ಚಿಕ್ಕಮ್ಮಂದಿರಿಗೆ ಇಂದು ಕೆಲವು ಸುಲಭದ ಕೈಕೆಲಸಗಳನ್ನು ಹೇಳಿಕೊಡುತ್ತೇನೆ. ಅಂಗಡಿಗೆ ಹೋಗುವ ಅಗತ್ಯವಿಲ್ಲ. ಹಳೆಯ ಪತ್ರಿಕೆ, ಹರಿದ ಗೋಣಿ, ಮುರಿದ ಕೊಡೆ, ತೋಟದ ಎಲೆ, ಇಷ್ಟು ಸಾಕು.

ಆದರೆ ಅದಕ್ಕೂ ಮೊದಲು ಒಂದು ಮಾತು. ಇಡೀ ಭಾಷಣದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ನನಗೆ ಸಂತೋಷ. ಒಣಗಿಸಿ. ಕೆಲಸಕ್ಕೆ ಕೂರುವ ಮೊದಲು ಸಾಮಾನನ್ನು ಒಣಗಿಸಿ, ಕೆಲಸ ಮುಗಿದ ಮೇಲೆ ಮಾಡಿದ್ದನ್ನು ಒಣಗಿಸಿ.

ಮೊಬೈಲಿನಲ್ಲಿ ಐದು ನಿಮಿಷಕ್ಕೊಂದು ಹೂಬುಟ್ಟಿ ಮಾಡಿ ತೋರಿಸುತ್ತಾರೆ. ನೋಡಲು ಚೆಂದ. ಆದರೆ ನಮ್ಮ ಕೊಡಗಿನ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕಾಗದವೂ ಗೋಣಿಯೂ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತವೆ. ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿರುವ ನೀರು ಆರಿಹೋದರೆ ಮಾತ್ರ ಅದು ಗಟ್ಟಿಯಾಗುವುದು. ಆರಲು ಗಾಳಿಯೇ ಒದ್ದೆಯಾಗಿದ್ದರೆ ಏನಾದೀತು? ಇನ್ನು ಮನೆಯಲ್ಲಿ ಕುದಿಸುವ ಮೈದಾ ಅಂಟು ಬೂಷ್ಟಿಗೆ ಬಾಳೆಲೆ ಹಾಕಿ ಬಡಿಸಿದ ಊಟ. ಹಾಗಾಗಿ ಮಳೆಗಾಲದಲ್ಲಿ ಮೈದಾ ಅಂಟು ಬೇಡವೇ ಬೇಡ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ, ನಿಜ. ಅದು ವಿಷ. ಮಕ್ಕಳು ಕೂತು ಮಾಡುವ ಕೆಲಸದ ಹತ್ತಿರ ಅದನ್ನು ತರಲೇಬೇಡಿ.

ಈಗ ಪತ್ರಿಕೆಯ ಬುಟ್ಟಿ. ಹಳೆಯ ದಿನಪತ್ರಿಕೆಯನ್ನು ಒಂದು ಗೇಣಿಗಿಂತ ತುಸು ಕಡಿಮೆ ಅಗಲದ ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿ. ಮುರಿದ ಕೊಡೆಯ ಒಂದು ಕಡ್ಡಿಯನ್ನು ಕಳಚಿ, ತುದಿ ಚೂಪಾಗಿದ್ದರೆ ತಿಕ್ಕಿ ಮೊಂಡಾಗಿಸಿ. ಪಟ್ಟಿಯ ಮೂಲೆಯಲ್ಲಿ ಅದನ್ನು ಓರೆಯಾಗಿಟ್ಟು ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಚೂರು ಅಂಟು ಹಚ್ಚಿ ಕಡ್ಡಿಯನ್ನು ಎಳೆದುಬಿಡಿ. ಕಾಗದದ ಕೊಳವೆ ಸಿದ್ಧ. ಇಂಥವು ಐವತ್ತರವತ್ತು ಬೇಕು, ಮಕ್ಕಳು ಮಧ್ಯಾಹ್ನದೊಳಗೆ ಸುತ್ತಿ ಮುಗಿಸುತ್ತಾರೆ. ರಟ್ಟಿನ ಎರಡು ವೃತ್ತಗಳ ನಡುವೆ 15 ಕೊಳವೆಗಳನ್ನು ಸೂರ್ಯನ ಕಿರಣಗಳಂತೆ ಜೋಡಿಸಿ ಅಂಟಿಸಿ, ಮೇಲೆ ಭಾರ ಇಡಿ. ಅಂಟು ಗಟ್ಟಿಯಾದ ಮೇಲೆ ಒಂದು ಡಬ್ಬಿಯನ್ನು ಮಧ್ಯದಲ್ಲಿ ನಿಲ್ಲಿಸಿ, ಕೊಳವೆಗಳನ್ನು ಮೇಲಕ್ಕೆ ಬಗ್ಗಿಸಿ, ಇನ್ನೊಂದು ಕೊಳವೆಯನ್ನು ಒಂದರ ಹೊರಗೆ, ಮುಂದಿನದರ ಒಳಗೆ ಹಾಯಿಸುತ್ತಾ ಹೆಣೆಯಿರಿ. ನಿಲ್ಲಿಸಿದ ಕೊಳವೆಗಳ ಸಂಖ್ಯೆ ಬೆಸವಾಗಿರಬೇಕು. ಸಮ ಸಂಖ್ಯೆಯಾದರೆ ಎರಡನೆಯ ಸುತ್ತಿನಲ್ಲಿ ಮತ್ತೆ ಅದೇ ಕೊಳವೆಯ ಹೊರಗೇ ಬರುತ್ತೀರಿ, ಹೆಣಿಗೆ ನಿಲ್ಲುವುದಿಲ್ಲ. ಕೊನೆಗೆ ಅರ್ಧ ಅಂಟು, ಅರ್ಧ ನೀರು ಬೆರೆಸಿ ಒಳಗೂ ಹೊರಗೂ ಬಳಿಯಿರಿ. ಆಮೇಲೆ? ಒಣಗಿಸಿ.

ಈ ಬುಟ್ಟಿಯ ವಿಷಯದಲ್ಲಿ ನಾಪೋಕ್ಲು ಕಡೆಯ ಒಬ್ಬರು ಅಜ್ಜಿಯ ಕಥೆ ಹೇಳಲೇಬೇಕು. ಅಲ್ಲಿನ ಮಹಿಳಾ ಸಂಘದವರು ಜುಲೈ ತಿಂಗಳಲ್ಲಿ ತರಬೇತಿಗೆ ಕರೆದಿದ್ದರು. ಹೊರಗೆ ಧೋ ಎಂದು ಮಳೆ. ಹರೆಯದ ಹುಡುಗಿಯರು ಚಕಚಕನೆ ಹೆಣೆದರು, ಬಣ್ಣ ಬಳಿದರು, ಒಬ್ಬಳು ಕನ್ನಡಿ ಚೂರು ಅಂಟಿಸಿದಳು. ಈ ಅಜ್ಜಿಯೂ ಮೊಮ್ಮಗಳ ಜೊತೆಯಲ್ಲಿ ಬಂದಿದ್ದರು. ಅವರ ಕೈ ನಿಧಾನ, ಬುಟ್ಟಿ ಸ್ವಲ್ಪ ಓರೆ. ಬಣ್ಣ ಬೇಕೇ ಅಜ್ಜಿ ಎಂದು ಕೇಳಿದರೆ ಬೇಡ ಎಂದು ಕೈ ಆಡಿಸಿದರು. ಕನಿಷ್ಠ ಮೂರು ದಿನ ಬೆಚ್ಚಗಿನ ಜಾಗದಲ್ಲಿಡಿ ಎಂದು ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮನೆಗೆ ಹೋದವರೇ ಬುಟ್ಟಿಗಳನ್ನು ಗಾಜಿನ ಶೋಕೇಸಿನೊಳಗಿಟ್ಟು ಬಾಗಿಲು ಹಾಕಿದರು! ಅಜ್ಜಿ ಮಾತ್ರ ತಮ್ಮದನ್ನು ಅಡುಗೆಮನೆಯಲ್ಲಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹಗ್ಗ ಕಟ್ಟಿ ತೂಗುಹಾಕಿದರಂತೆ.

ಮುಂದಿನ ತಿಂಗಳು ಮತ್ತೆ ಹೋದಾಗ ಹುಡುಗಿಯರು ಬುಟ್ಟಿಗಳನ್ನು ತಂದು ಸಾಲಾಗಿ ಇಟ್ಟರು. ಒಂದೊಂದರ ಮೇಲೂ ಹಸಿರು, ಬಿಳಿ ಬೂಷ್ಟು. ಕನ್ನಡಿ ಚೂರುಗಳು ಉದುರಿದ್ದವು. ಮುಟ್ಟಿದರೆ ಮೆತ್ತಗೆ ಕುಸಿಯುತ್ತಿತ್ತು. ಕೊನೆಗೆ ಬಂದ ಅಜ್ಜಿಯ ಬುಟ್ಟಿ ಹೊಗೆಗೆ ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಿನಿಂದ ತಟ್ಟಿದರೆ ಮರ ತಟ್ಟಿದಂತೆ ಟಕಟಕ ಸದ್ದು. ಅದರ ತುಂಬ ನಾಟಿಕೋಳಿ ಮೊಟ್ಟೆ ಇಟ್ಟುಕೊಂಡು ಬಂದಿದ್ದರು, ನನಗೆ ಕೊಡಲೆಂದು. ಇದು ಹೇಗಜ್ಜಿ ಎಂದು ಹುಡುಗಿಯರೆಲ್ಲ ಸುತ್ತುವರಿದರು. ಅವರು ಹೇಳಿದ್ದು ಇಷ್ಟೇ: “ಕಾಫಿಯನ್ನು ಕಣದಿಂದ ಯಾವಾಗ ಎತ್ತುತ್ತೀರಿ? ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಲಗಲ ಎಂದರೆ ತಾನೇ? ಕಾಗದಕ್ಕೆ ಬೇರೆ ನ್ಯಾಯ ಉಂಟೇ?”

ನೋಡಿ, ಕಾಫಿ ಹಣ್ಣು ಒಣಗಿದೆಯೋ ಇಲ್ಲವೋ ಎಂದು ಶಬ್ದದಿಂದಲೇ ಹೇಳಬಲ್ಲ ಜನ ನಾವು. ಏಲಕ್ಕಿಗೆ, ಕಾಳುಮೆಣಸಿಗೆ ತೋರಿಸುವ ತಾಳ್ಮೆಯನ್ನು ಮಕ್ಕಳು ಮಾಡಿದ ಬುಟ್ಟಿಗೂ ತೋರಿಸಿ. ಸೌದೆ ಒಲೆ ಇಲ್ಲದ ಮನೆಯಲ್ಲಿ ಎಲ್ಲಿ ಒಣಗಿಸುವುದು ಎಂದು ಪೇಟೆಯವರು ಕೇಳಬಹುದು. ಬಚ್ಚಲು ಒಲೆ ಇದ್ದರೆ ಅದರ ಪಕ್ಕದ ಗೋಡೆಯ ಹತ್ತಿರ, ಬೆಂಕಿಯಿಂದ ದೂರದಲ್ಲಿ. ಅದೂ ಇಲ್ಲದಿದ್ದರೆ ಕರೆಂಟ್ ಇದ್ದಾಗ ಫ್ಯಾನಿನ ಕೆಳಗೆ, ದಿನಕ್ಕೆರಡು ಬಾರಿ ಮಗುಚುತ್ತಾ. ಹೇರ್ ಡ್ರೈಯರ್ ಹಿಡಿದರೆ ಸಾಲದೇ ಎಂದು ದಯವಿಟ್ಟು ಕೇಳಬೇಡಿ. ಮೇಲ್ಮೈ ಒಣಗುತ್ತದೆ, ಒಳಗೆ ತೇವ ಹಾಗೆಯೇ ಕೂತಿರುತ್ತದೆ.

ಸಮಯ ಓಡುತ್ತಿದೆ, ಉಳಿದವನ್ನು ಬೇಗ ಹೇಳುತ್ತೇನೆ. ಸಿಲ್ವರ್ ಓಕ್ ಎಲೆಯನ್ನು ನೋಡಿ, ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿ. ಜರೀಗಿಡದಂತೆ ಸೀಳಿದ ಆ ಎಲೆಯನ್ನು ಒರೆಸಿ, ಪತ್ರಿಕೆಗಳ ನಡುವೆ ಹರಡಿ, ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಡಿ. ಪತ್ರಿಕೆಯನ್ನು ದಿನವೂ ಬದಲಿಸಿ. ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಅವಸರವಿದ್ದರೆ ಎರಡು ಪತ್ರಿಕೆಗಳ ನಡುವಿಟ್ಟು ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆಯಿಂದ ಸ್ವಲ್ಪ ಸ್ವಲ್ಪ ಹೊತ್ತು ಒತ್ತಿ, ಆರಲು ಬಿಟ್ಟು, ಮತ್ತೆ ಒತ್ತಿ. ಬೆಳ್ಳಿಯ ಬದಿ ಮೇಲೆ ಬರುವಂತೆ ಗಟ್ಟಿ ಕಾಗದಕ್ಕೆ ಅಂಟಿಸಿದರೆ ಪುತ್ತರಿ ಸುಗ್ಗಿ ಹಬ್ಬಕ್ಕೆ ಕಳುಹಿಸಲು ಶುಭಾಶಯ ಪತ್ರ.

ಹರಿದ ಗೋಣಿಯಿಂದ ಮೇಜಿನ ಹಾಸು ಮಾಡಬಹುದು. ಕತ್ತರಿಸಬೇಕಾದ ಜಾಗದಲ್ಲಿ ಮೊದಲು ಒಂದು ಎಳೆಯನ್ನು ಎಳೆದು ತೆಗೆಯಿರಿ, ಆ ಗೆರೆಯ ಮೇಲೆಯೇ ಕತ್ತರಿ ನಡೆಸಿದರೆ ಅಂಚು ನೇರ ಬರುತ್ತದೆ. ಅಂಚಿನ ನಾಲ್ಕೈದು ಎಳೆ ಬಿಡಿಸಿದರೆ ಅದೇ ಕುಚ್ಚು. ಗೋಣಿಯನ್ನು ತೊಳೆದು ಪೂರ್ತಿ ಒಣಗಿಸಿದ ಮೇಲೆ ಮಾತ್ರ ಈ ಕೆಲಸ. ಒದ್ದೆ ಗೋಣಿ ಎಳೆದಾಡಿ ಸೊಟ್ಟಗಾಗುತ್ತದೆ.

ಚಿಕ್ಕ ಮಕ್ಕಳಿಗೆ ಬಣ್ಣದ ಕೆಲಸ ಕೊಡಿ. ಗಟ್ಟಿ ಕಾಫಿ ಡಿಕಾಕ್ಷನ್ ಒಳ್ಳೆಯ ಕಂದು ಬಣ್ಣ. ಒಂದು ಪದರ ಬಳಿದರೆ ತಿಳಿ, ಅದರ ಮೇಲೆ ಇನ್ನೊಂದು ಬಳಿದರೆ ಗಾಢ. ಮೊದಲ ಪದರ ಒಣಗಿದ ಮೇಲೆಯೇ ಎರಡನೆಯದು, ಇಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಕಕ್ಕಡ 18ರಂದು ಮದ್ದುಸೊಪ್ಪು ಎಂಬ ಔಷಧಿ ಗಿಡದ ಸೊಪ್ಪನ್ನು ಬೇಯಿಸಿದ ನೀರನ್ನೆಲ್ಲ ಪಾಯಸಕ್ಕೇ ಸುರಿಯದೆ ಒಂದು ಲೋಟ ಎತ್ತಿಡಿ. ಆ ನೇರಳೆ ಮತ್ತು ಈ ಕಂದು, ಎರಡು ಕುಂಚ, ಬಿಳಿ ಕಾಗದ. ಮಕ್ಕಳಿಗೆ ಹಳೆಯ ಅಂಗಿ ತೊಡಿಸಿ ಕೂರಿಸಿ, ಮದ್ದುಸೊಪ್ಪಿನ ಬಣ್ಣ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಚಿತ್ರ ಮುಗಿದ ಕೂಡಲೇ ಒಂದರ ಮೇಲೊಂದು ಪೇರಿಸಬೇಡಿ, ಅಡುಗೆಮನೆಯಲ್ಲಿ ದಾರ ಕಟ್ಟಿ ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಡಿ.

ನಮಸ್ಕಾರ.