ಗಾಜಿನ ಮನೆಯಲ್ಲಿ ಬರೆದ ದಿನಚರಿ

ನಮಸ್ಕಾರ. ಈ ಸಂಚಿಕೆಯನ್ನು ಪೂರ್ತಿಯಾಗಿ ಒಂದೇ ಕಾದಂಬರಿಗೆ ಮೀಸಲಿಟ್ಟಿದ್ದೇನೆ. ರಷ್ಯಾದ ಲೇಖಕ ಯೆವ್ಗೆನಿ ಝಮ್ಯಾಟಿನ್ ಅವರು 1920–21ರಲ್ಲಿ ಬರೆದ ‘ನಾವು’ ಆ ಕಾದಂಬರಿ. ಕಣ್ಗಾವಲಿನ ಸರ್ವಾಧಿಕಾರ ಎಂದೊಡನೆ ನಮ್ಮಲ್ಲಿ ಬಹುಪಾಲು ಓದುಗರಿಗೆ ಜಾರ್ಜ್ ಆರ್ವೆಲ್ ಅವರ ‘1984’ ನೆನಪಾಗುತ್ತದೆ. ಅದು ಪ್ರಕಟವಾದದ್ದು 1949ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1946ರ ಜನವರಿಯಲ್ಲಿ, ಆರ್ವೆಲ್ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ‘ನಾವು’ ಕುರಿತು ವಿಮರ್ಶೆ ಬರೆದಿದ್ದರು. ಯಾರು ಯಾರಿಂದ ಎಷ್ಟು ಪಡೆದರು ಎಂಬ ಚರ್ಚೆಯನ್ನು ವಿದ್ವಾಂಸರಿಗೇ ಬಿಡೋಣ. ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ: ಈ ಕಾದಂಬರಿಯ ನಾಯಕನಿಗೆ ತನ್ನ ಮೇಲಿರುವ ಕಾವಲಿನ ಬಗ್ಗೆ ಭಯವಿಲ್ಲ, ಹೆಮ್ಮೆಯಿದೆ, ಅವನೊಳಗೆ ಪ್ರತಿರೋಧ ಹುಟ್ಟುವುದೂ ಆಳುವವರನ್ನು ಹೊಗಳಲೆಂದು ಕೈಗೆತ್ತಿಕೊಂಡ ಬರವಣಿಗೆಯ ನಡುವೆಯೇ.

ಕಥೆ ನಡೆಯುವುದು ಎಷ್ಟೋ ಶತಮಾನಗಳ ನಂತರದ ‘ಏಕರಾಜ್ಯ’ದಲ್ಲಿ. ಇನ್ನೂರು ವರ್ಷಗಳ ಯುದ್ಧವೊಂದು ಮುಗಿದು, ಅಳಿದುಳಿದ ಜನ ಹಸಿರು ಗೋಡೆಯೊಂದರ ಒಳಗೆ ನಗರ ಕಟ್ಟಿಕೊಂಡಿದ್ದಾರೆ; ಕಾಡು, ಮೃಗ, ಹಕ್ಕಿ ಎಲ್ಲವೂ ಗೋಡೆಯ ಆಚೆ. ಇಲ್ಲಿ ಯಾರಿಗೂ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ. ನಾಯಕ ಡಿ-503 ಒಬ್ಬ ಗಣಿತಜ್ಞ. ‘ಇಂಟೆಗ್ರಲ್’ ಎಂಬ ಅಂತರಿಕ್ಷ ನೌಕೆಯ ನಿರ್ಮಾಪಕ. ಬೇರೆ ಗ್ರಹಗಳಲ್ಲಿ ಇನ್ನೂ ಸ್ವಾತಂತ್ರ್ಯವೆಂಬ ಅನಾಗರಿಕ ಸ್ಥಿತಿಯಲ್ಲಿ ಬದುಕುತ್ತಿರಬಹುದಾದ ಜೀವಿಗಳಿಗೆ ಲೆಕ್ಕ ತಪ್ಪದ ಸುಖವನ್ನು ತಲುಪಿಸುವುದು, ಒಪ್ಪದಿದ್ದರೆ ಬಲವಂತವಾಗಿಯಾದರೂ ತಲುಪಿಸುವುದು, ಆ ನೌಕೆಯ ಉದ್ದೇಶ. ನೌಕೆಯಲ್ಲಿ ಕಳುಹಿಸಲು ಏಕರಾಜ್ಯದ ಹಿರಿಮೆಯನ್ನು ಸಾರುವ ಬರಹಗಳು ಬೇಕೆಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೋಡಿದ ಡಿ-503 ದಿನಚರಿಯೊಂದನ್ನು ಆರಂಭಿಸುತ್ತಾನೆ. ನಾವು ಓದುವ ಕಾದಂಬರಿಯೆಂದರೆ ಆ ದಿನಚರಿಯ 40 ದಾಖಲೆಗಳು.

ನಗರದ ಮನೆಗಳೆಲ್ಲ ಗಾಜಿನವು. ಗೋಡೆ, ನೆಲ, ಮಂಚ, ಮೇಜು ಎಲ್ಲವೂ ಪಾರದರ್ಶಕ; ಮೇಲಿನ ಮಹಡಿಯವನು ಎದ್ದು ನಡೆದಾಡಿದರೆ ಕೆಳಗಿನವನಿಗೆ ಅವನ ಅಂಗಾಲು ಕಾಣುತ್ತದೆ. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಎಲ್ಲರ ಚಲನೆಯನ್ನೂ ‘ಗಂಟೆಗಳ ಕೋಷ್ಟಕ’ ನಿಗದಿ ಮಾಡುತ್ತದೆ. ಪ್ರತಿ ತುತ್ತನ್ನೂ ಕಡ್ಡಾಯವಾಗಿ 50 ಬಾರಿ ಅಗಿಯಬೇಕು. ಸಂಜೆ 4ರಿಂದ 5 ಮತ್ತು ರಾತ್ರಿ 9ರಿಂದ 10, ಇವೆರಡೇ ಸ್ವಂತದ ಗಂಟೆಗಳು. ಇಂಥ ಸಮಯದಲ್ಲಿ ಗುಲಾಬಿ ಬಣ್ಣದ ಚೀಟಿ ತೋರಿಸಿ ಸಂಗಾತಿಯನ್ನು ಬರಮಾಡಿಕೊಳ್ಳುವವರು ಮಾತ್ರ ಪರದೆ ಇಳಿಬಿಡಬಹುದು. ಬೀದಿಗಳಲ್ಲಿ ಅಂದವಾದ ಪೊರೆಗಳನ್ನು ತೂಗುಹಾಕಿ, ದಾರಿಹೋಕರ ಮಾತನ್ನು ದಾಖಲಿಸಿ ‘ಪಾಲಕರು’ ಎಂದು ಕರೆಯಲಾಗುವ ಗುಪ್ತ ಪೊಲೀಸರ ಕಚೇರಿಗೆ ಒಪ್ಪಿಸುವ ವ್ಯವಸ್ಥೆಯೂ ಇದೆ. ಇವನ್ನೆಲ್ಲ ಡಿ-503 ದೂರಿನ ಧ್ವನಿಯಲ್ಲಿ ಹೇಳುವುದಿಲ್ಲ. ಮುಚ್ಚಿಡಲು ತನ್ನ ಬಳಿ ಏನೂ ಇಲ್ಲವೆಂದು ಸಂತೋಷಪಡುತ್ತಾನೆ, ಗೋಡೆಗಳ ಮರೆಯಲ್ಲಿ ಬದುಕಿದ ಪ್ರಾಚೀನರನ್ನು ನೆನೆದು ಮರುಗುತ್ತಾನೆ. ಸ್ವಂತ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸುತ್ತಲೇ ನಿಮ್ಮೊಡನೆ ಮಾತನಾಡುತ್ತಿರುವ ನಾನು ಅವನನ್ನು ನೋಡಿ ಅಷ್ಟು ಸುಲಭವಾಗಿ ನಗಲಾರೆ.

ಅವನ ಲೆಕ್ಕ ತಪ್ಪಿಸುವವಳು ಐ-330. ಅವಳು ಸೇದುತ್ತಾಳೆ, ಕುಡಿಯುತ್ತಾಳೆ, ಗಾಜಿನ ನಗರದಲ್ಲಿ ಸ್ಮಾರಕವಾಗಿ ಉಳಿಸಿಕೊಂಡಿರುವ ಹಳೆಯ ಕಾಲದ ಮನೆಯೊಂದಕ್ಕೆ ಅವನನ್ನು ಕರೆದೊಯ್ಯುತ್ತಾಳೆ. ಹಸಿರು ಗೋಡೆಯ ಆಚೆಗಿನವರೊಂದಿಗೆ ಸಂಪರ್ಕವಿರುವ ಬಂಡಾಯಗಾರರ ಗುಂಪಿಗೆ ಅವಳು ಸೇರಿದವಳು. ಆ ಗುಂಪಿಗೆ ‘ಇಂಟೆಗ್ರಲ್’ ಬೇಕು. ಅವಳಿಗೆ ಬೇಕಾದದ್ದು ಡಿ-503ನೋ ಅವನು ಕಟ್ಟಿದ ನೌಕೆಯೋ ಎಂಬುದನ್ನು ಝಮ್ಯಾಟಿನ್ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ, ಹೇಳದೆ ಬಿಟ್ಟದ್ದೇ ಸರಿ. ಕೊನೆಯ ಸಂಖ್ಯೆ ಎಂಬುದು ಹೇಗೆ ಇಲ್ಲವೋ ಹಾಗೆಯೇ ಕೊನೆಯ ಕ್ರಾಂತಿಯೂ ಇಲ್ಲವೆಂದು ಅವಳು ಗಣಿತಜ್ಞನಿಗೆ ಗಣಿತದಿಂದಲೇ ಉತ್ತರ ಕೊಡುತ್ತಾಳೆ. ಕ್ರಾಂತಿಯಿಂದಲೇ ಅಧಿಕಾರಕ್ಕೆ ಬಂದಿದ್ದ ರಷ್ಯಾದ ಬೊಲ್ಶೆವಿಕ್ (ಕಮ್ಯುನಿಸ್ಟ್) ಸರ್ಕಾರದ ಕಣ್ಣಿಗೆ ಈ ಮಾತು ಹೇಗೆ ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ನನಗೆ ಅತ್ಯಂತ ತೀಕ್ಷ್ಣವೆನಿಸಿದ್ದು ಚುನಾವಣೆಯ ಪ್ರಸಂಗ. ವರ್ಷಕ್ಕೊಮ್ಮೆ ‘ಒಮ್ಮತದ ದಿನ’ ಬರುತ್ತದೆ. ‘ಹಿತಕಾರಿ’ ಎಂಬ ಅಧಿನಾಯಕನನ್ನೇ ಜನರು ಬಹಿರಂಗವಾಗಿ ಕೈಯೆತ್ತಿ ಮರು ಆಯ್ಕೆ ಮಾಡುತ್ತಾರೆ. ಪ್ರಾಚೀನರು ಕಳ್ಳರಂತೆ ಗುಟ್ಟಾಗಿ ಮತ ಹಾಕುತ್ತಿದ್ದರಂತೆ ಎಂದು ಡಿ-503 ಲೇವಡಿ ಮಾಡುತ್ತಾನೆ. ಆದರೆ ಈ ಬಾರಿ ವಿರೋಧಿಸುವವರು ಯಾರು ಎಂದು ಕೇಳಿದಾಗ ಸಾವಿರಾರು ಕೈಗಳು ಮೇಲೇಳುತ್ತವೆ, ಸಭೆ ಚೆಲ್ಲಾಪಿಲ್ಲಿಯಾಗುತ್ತದೆ. ಮರುದಿನದ ಸರ್ಕಾರಿ ಪತ್ರಿಕೆ ಆಯ್ಕೆ ಎಂದಿನಂತೆ ಸರ್ವಾನುಮತದಿಂದ ನಡೆಯಿತೆಂದು ವರದಿ ಮಾಡುತ್ತದೆ. ಕಛೇರಿ ಕೇಳಲು ಬಂದ ರೋಗಿಗಳು ಕೆಮ್ಮಿದ್ದನ್ನು ಸಂಗೀತದ ಭಾಗವೆಂದು ಯಾರಾದರೂ ಎಣಿಸುತ್ತಾರೆಯೇ ಎಂಬ ಧಾಟಿಯಲ್ಲಿ ಆ ಮತಗಳನ್ನು ತಳ್ಳಿಹಾಕುತ್ತದೆ. ಸುಳ್ಳು ಹೇಳುವುದಕ್ಕೂ ಇಷ್ಟು ಸಭ್ಯವಾದ ಭಾಷೆ ಇರಬಲ್ಲದು ಎಂಬುದನ್ನು ಝಮ್ಯಾಟಿನ್ ಒಂದು ಶತಮಾನದ ಹಿಂದೆಯೇ ಬಲ್ಲವರಾಗಿದ್ದರು.

ಇನ್ನು ದಿನಚರಿಯ ವಿಷಯ. ಎಲ್ಲವೂ ಪಾರದರ್ಶಕವಾಗಿರುವ ಆ ಕೋಣೆಯಲ್ಲಿ ಕಣ್ಣು ತೂರದ ವಸ್ತುವೆಂದರೆ ಬರೆದ ಕಾಗದದ ಕಟ್ಟು. ಹೊಗಳಲು ಕುಳಿತವನು ಕನಸು ಕಂಡದ್ದನ್ನು ಬರೆಯುತ್ತಾನೆ, ಹೊಟ್ಟೆಕಿಚ್ಚನ್ನು ಬರೆಯುತ್ತಾನೆ, ವೈದ್ಯರು ತನ್ನಲ್ಲಿ ‘ಆತ್ಮ’ವೆಂಬ ಕಾಯಿಲೆ ಪತ್ತೆ ಮಾಡಿದ್ದನ್ನೂ ಬರೆಯುತ್ತಾನೆ, ವಾಕ್ಯಗಳು ಅರ್ಧಕ್ಕೆ ತುಂಡಾಗತೊಡಗುತ್ತವೆ. ಪಾಲಕರು ಶೋಧನೆಗೆ ಬಂದಾಗ ಅವನಿಗೆ ಆ ಹಾಳೆಗಳನ್ನು ನಾಶಮಾಡಲು ಮನಸ್ಸಾಗುವುದಿಲ್ಲ. ಅವುಗಳ ಮೇಲೆಯೇ ಕುಳಿತುಬಿಡುತ್ತಾನೆ. ಇಷ್ಟೆಲ್ಲ ಕಾಪಾಡಿಕೊಂಡ ಹಾಳೆಗಳು ಕಟ್ಟಡದ ಉಸ್ತುವಾರಿಯಲ್ಲಿರುವ ಹೆಂಗಸಿನ ಕಣ್ಣಿಗೆ ಬೀಳುತ್ತವೆ, ನೌಕೆಯನ್ನು ವಶಪಡಿಸಿಕೊಳ್ಳುವ ಯೋಜನೆ ಪಾಲಕರಿಗೆ ಮೊದಲೇ ತಿಳಿದುಹೋಗಿರುತ್ತದೆ. ಅವನನ್ನು ಮನುಷ್ಯನನ್ನಾಗಿಸಿದ ಬರವಣಿಗೆಯೇ ಬಂಡಾಯವನ್ನು ಹಿಡಿದುಕೊಟ್ಟಿತೆಂದು ಅವನಿಗೆ ಅನ್ನಿಸುತ್ತದೆ. ಕೊನೆಯಲ್ಲಿ ಕಲ್ಪನಾಶಕ್ತಿಯನ್ನೇ ಸುಟ್ಟುಹಾಕುವ ಶಸ್ತ್ರಚಿಕಿತ್ಸೆಗೆ ಅವನನ್ನು ಒಳಪಡಿಸುತ್ತಾರೆ. ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ಐ-330ಗೆ ಮೂರು ಬಾರಿ ಚಿತ್ರಹಿಂಸೆ ಕೊಡುವುದನ್ನೂ ಅವಳು ಒಂದು ಮಾತನ್ನೂ ಆಡದಿರುವುದನ್ನೂ ಅವನು ಅಚ್ಚುಕಟ್ಟಾದ ವಾಕ್ಯಗಳಲ್ಲಿ ವರದಿ ಮಾಡುತ್ತಾನೆ. ಆ ಅಚ್ಚುಕಟ್ಟೇ ಭಯ ಹುಟ್ಟಿಸುತ್ತದೆ.

ಝಮ್ಯಾಟಿನ್ ಸ್ವತಃ ಹಡಗು ನಿರ್ಮಾಣದ ಎಂಜಿನಿಯರ್. 1916ರಲ್ಲಿ ಇಂಗ್ಲೆಂಡಿಗೆ ತೆರಳಿ ರಷ್ಯಾಕ್ಕಾಗಿ ಮಂಜುಗಡ್ಡೆ ಒಡೆಯುವ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆ ವಹಿಸಿದ್ದರು. ನೌಕೆ ಕಟ್ಟುವ ನಾಯಕ ಎಲ್ಲಿಂದ ಬಂದನೆಂದು ಹುಡುಕಬೇಕಾಗಿಲ್ಲ. ವಿದ್ಯಾರ್ಥಿಯಾಗಿದ್ದಾಗ ಬೊಲ್ಶೆವಿಕ್ ಆಗಿದ್ದ ಅವರನ್ನು 1905ರಲ್ಲಿ ಝಾರ್ ಸರ್ಕಾರ ಬಂಧಿಸಿತು. 1922ರಲ್ಲಿ ಬೊಲ್ಶೆವಿಕ್ ಸರ್ಕಾರ ಅದೇ ಸೆರೆಮನೆಗೆ ಮತ್ತೆ ತಳ್ಳಿತು. ‘ನಾವು’ ಕಾದಂಬರಿಗೆ ತಾಯ್ನಾಡಿನಲ್ಲಿ ಪ್ರಕಟಣೆಯ ಅನುಮತಿ ಸಿಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. 1929ರಲ್ಲಿ ಅವರ ವಿರುದ್ಧ ಪತ್ರಿಕೆಗಳಲ್ಲಿ ದೊಡ್ಡ ದಾಳಿಯೇ ನಡೆಯಿತು. 1931ರಲ್ಲಿ ಅವರು ನೇರವಾಗಿ ಸ್ಟಾಲಿನ್‌ಗೆ ಪತ್ರ ಬರೆದು, ಬರೆಯಲು ಬಿಡದಿರುವುದು ಲೇಖಕನಿಗೆ ಮರಣದಂಡನೆಯೇ ಸರಿ ಎಂದು ತಿಳಿಸಿ, ದೇಶ ಬಿಡಲು ಅನುಮತಿ ಕೇಳಿದರು. ಮ್ಯಾಕ್ಸಿಮ್ ಗಾರ್ಕಿಯವರ ಮಧ್ಯಸ್ಥಿಕೆಯಿಂದ ಅನುಮತಿ ದೊರೆಯಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಸೋವಿಯತ್ ಓದುಗರ ಕೈಗೆ ಪುಸ್ತಕ ಬಂದದ್ದು 1988ರಲ್ಲಿ.

ಇಂಗ್ಲಿಷಿನಲ್ಲಿ ಓದುವವರಿಗೆ ಮಿರ್ರಾ ಗಿನ್ಸ್‌ಬರ್ಗ್, ಕ್ಲಾರೆನ್ಸ್ ಬ್ರೌನ್, ನತಾಶಾ ರ‍್ಯಾಂಡಲ್ ಅವರ ಅನುವಾದಗಳು ಲಭ್ಯವಿವೆ. ಮೊದಲ ಕೆಲವು ದಾಖಲೆಗಳು ಲೆಕ್ಕದ ಪುಸ್ತಕದಂತೆ ಒಣಗಿದ್ದಾವೆಂದು ಕೆಳಗಿಡಬೇಡಿ. ಆ ಒಣ ಗದ್ಯ ಎಲ್ಲಿ ಮೊದಲು ಬಿರುಕು ಬಿಡುತ್ತದೆಂದು ಗಮನಿಸುತ್ತ ಓದಿ, ನಿಮಗೆ ಕಂಡ ಜಾಗ ಯಾವುದೆಂದು ನನಗೂ ತಿಳಿಸಿ.