ಬಿಸಿಲ ನಾಡಿನಲ್ಲಿ ಮನೆಯಲ್ಲೇ ಗೊಬ್ಬರ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಳದ ಗಿಡಗಳಿಗೆ ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗಿರುತ್ತದೆ. ಮಾಡಿ, ಖಂಡಿತ ಮಾಡಿ. ಆದರೆ ಮಲೆನಾಡಿಗೋ ಕರಾವಳಿಗೋ ಒಪ್ಪುವ ಕ್ರಮವನ್ನು ಹಾಗೆಯೇ ರಾಯಚೂರಿಗೆ ತರಬೇಡಿ. ಅಲ್ಲಿ ಮಳೆ ಹೆಚ್ಚಾಗಿ ಗೊಬ್ಬರ ನಾರುವ ಚಿಂತೆ. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿ ಗೊಬ್ಬರ ಒಣಗುವ ಚಿಂತೆ. ಕಸವನ್ನು ಗೊಬ್ಬರ ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ತೇವ ಆರಿತೆಂದರೆ ಅವುಗಳ ಕೆಲಸ ನಿಂತಿತು. ಎಲೆ ವರ್ಷ ಕಳೆದರೂ ಎಲೆಯಾಗಿಯೇ ಉಳಿಯುತ್ತದೆ.

ಹಾಗಾಗಿ ನಮಗೆ ಗುಡ್ಡೆಗಿಂತ ಗುಂಡಿಯೇ ಮೇಲು. 1939ರಲ್ಲಿ ವಿಜ್ಞಾನಿ ಸಿ.ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ವಿಧಾನ’ ಇಂಥದ್ದೇ: ಗುಂಡಿಯಲ್ಲಿ ಪದರ ಪದರವಾಗಿ ಕಸ ತುಂಬಿ, ಮೇಲೆ ಕೆಸರು ಮೆತ್ತಿಬಿಡುವುದು. ಮಗುಚುವ ಶ್ರಮವಿಲ್ಲ, ತೇವ ಒಳಗೇ ಉಳಿಯುತ್ತದೆ. ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೆ.

ಬೇವಿನ ಮರದ ನೆರಳಿನಲ್ಲಿ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ಮನೆಗೆ ಸಾಕು. ತಳಕ್ಕೆ ಹತ್ತಿ ಕಟ್ಟಿಗೆಯ ಚೂರು ಹಾಸಿ. ಅದರ ಮೇಲೆ ಒಣ ಎಲೆ, ಜೋಳದ ದಂಟು, ಭತ್ತದ ಹುಲ್ಲು. ಆಮೇಲೆ ಅಡುಗೆಮನೆಯದು: ಉಳ್ಳಾಗಡ್ಡಿ ಸಿಪ್ಪೆ, ಪುಂಡಿ ಪಲ್ಯದ ದಂಟು, ಸೋಸಿದ ಚಹಾ ಪುಡಿ. ಒಂದು ಬುಟ್ಟಿ ಹಸಿಗೆ ಎರಡು ಮೂರು ಬುಟ್ಟಿ ಒಣದು ಇರಲಿ. ಪ್ರತಿ ಪದರಕ್ಕೂ ಸಗಣಿ ಕದಡಿದ ನೀರು ಚಿಮುಕಿಸಿ. ಹಿಡಿಯಷ್ಟು ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆಯಾಗಿ ಇಳಿದರೆ ನೀರು ಹೆಚ್ಚಾಯಿತು, ಒಣ ಎಲೆ ಸೇರಿಸಿ.

ಭತ್ತದ ಹುಲ್ಲು ಎಂದೆ. ಸಿಂಧನೂರು, ಕಾರಟಗಿಯ ಕಡೆ ಕೊಯ್ಲಾದ ಗದ್ದೆಗಳಲ್ಲಿ ಅದಕ್ಕೆ ಬೆಂಕಿ ಇಡುವುದನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಹುಲ್ಲಿನಲ್ಲಿರುವ ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಪರಿಚಯದ ರೈತರಿದ್ದರೆ ಒಂದೆರಡು ಹೊರೆ ಕೇಳಿ ತನ್ನಿ.

ಇನ್ನು ಒಲೆಯ ಬೂದಿ ಮತ್ತು ಮೊಟ್ಟೆಯ ಸಿಪ್ಪೆ. ಇವೆರಡೂ ಗಿಡಕ್ಕೆ ಅಮೃತವೆಂದು ಹೇಳುವವರು ಬಹಳ. ಹುಳಿ ಮಣ್ಣಿಗೆ ಆ ಮಾತು ಸರಿ. ನಮ್ಮ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಸ್ವಭಾವದಿಂದಲೇ ಕ್ಷಾರದ ಕಡೆ ವಾಲಿದೆ, ಅಗೆದರೆ ಸುಣ್ಣದ ಹರಳು ಸಿಗುತ್ತದೆ. ಅದಕ್ಕೆ ಇನ್ನಷ್ಟು ಬೂದಿ ಸುರಿದರೆ ಕಬ್ಬಿಣ, ಸತುವು ಮಣ್ಣಿನಲ್ಲಿದ್ದರೂ ಬೇರಿಗೆ ಎಟುಕುವುದಿಲ್ಲ. ಗುಲಾಬಿ, ದಾಸವಾಳ, ನಿಂಬೆಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಾರಣ ಹೆಚ್ಚಾಗಿ ಇದೇ. ಆಗ ಬೂದಿ ಬಿಟ್ಟು ಚೆನ್ನಾಗಿ ಕಳಿತ ಗೊಬ್ಬರ ಕೊಡಿ. ಮಸಾರಿ, ಅಂದರೆ ಕೆಂಪು ಮಣ್ಣಿನವರು ಒಂದು ಹಿಡಿ ಬೂದಿ ಬಳಸಿದರೆ ಅಡ್ಡಿಯಿಲ್ಲ.

ಉಪ್ಪಿನಕಾಯಿ, ಉಳಿದ ಸಾರು, ಎಣ್ಣೆಯ ಪದಾರ್ಥ ಗುಂಡಿಗೆ ಬೇಡವೇ ಬೇಡ. ಕಾಲುವೆಯ ಕೆಳಗಿನ ಎಷ್ಟೋ ನೆಲ ಆಗಲೇ ಸವಳಾಗಿದೆ. ನಾವು ಕೈಯಾರೆ ಉಪ್ಪು ಸೇರಿಸುವುದೇಕೆ?

ಆರು ತಿಂಗಳು ಕಾಯುವಷ್ಟರಲ್ಲಿ ಗಿಡಗಳಿಗೆ ಏನಾದರೂ ಬೇಕಲ್ಲ, ಅದಕ್ಕೆ ಜೀವಾಮೃತವಿದೆ. ಇಪ್ಪತ್ತು ಲೀಟರ್ ನೀರಿಗೆ ಒಂದು ಕಿಲೋ ಹಸಿ ಸಗಣಿ, ಒಂದು ಲೀಟರ್ ಗಂಜಲ, ಇನ್ನೂರು ಗ್ರಾಂ ಬೆಲ್ಲ, ಇನ್ನೂರು ಗ್ರಾಂ ಕಡಲೆ ಹಿಟ್ಟು, ರಾಸಾಯನಿಕ ಸೋಕದ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ಗೋಣಿಚೀಲ ಮುಚ್ಚಿ, ದಿನಕ್ಕೆ ಎರಡು ಸಲ ಕೋಲಿನಿಂದ ಕಲಕಿ. ಎರಡು ದಿನಕ್ಕೆ ಸಿದ್ಧ, ವಾರದೊಳಗೆ ಮುಗಿಸಬೇಕು. ಒಂದು ಚೊಂಬಿಗೆ ಹತ್ತು ಚೊಂಬು ನೀರು ಬೆರೆಸಿ ಸಂಜೆಯ ಹೊತ್ತು ಒದ್ದೆ ಮಣ್ಣಿಗೆ ಹಾಕಿ, ಬುಡಕ್ಕೆ ಒಣ ಎಲೆಯ ಹೊದಿಕೆ ಕೊಡಿ. ಹೊದಿಕೆಯಿಲ್ಲದಿದ್ದರೆ ಮರುದಿನದ ಬಿಸಿಲಿಗೆ ಮೇಲ್ಮಣ್ಣು ಕಾದು, ನೀವು ಹಾಕಿದ ಜೀವಾಣುಗಳು ಸಾಯುತ್ತವೆ.

ನಮಸ್ಕಾರ.