ಕಾಪಾಡುವವನು ಎಲ್ಲಿ ಹೋದ?

ಕೇಳುಗರಿಗೆ ನಮಸ್ಕಾರ.

ಸೂಪರ್‌ಹೀರೋ ಸಿನಿಮಾಗಳು ತೀರಾ ಕರಾಳವಾಗಿಬಿಟ್ಟಿವೆ, ಅವುಗಳಲ್ಲಿ ನಾಯಕನೇ ಉಳಿದಿಲ್ಲ ಎಂಬ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಏನೋ ಕಳೆದುಹೋಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದನ್ನು ನುಂಗಿದ್ದು ಕತ್ತಲೆ ಎಂಬ ಮಾತನ್ನು ಒಪ್ಪಲಾರೆ.

2004ರಲ್ಲಿ ಬಂದ 'ಸ್ಪೈಡರ್‌ಮ್ಯಾನ್ 2' ಸಿನಿಮಾದ ರೈಲಿನ ದೃಶ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹತೋಟಿ ತಪ್ಪಿದ ರೈಲು, ಮುಂದೆ ಹಳಿಯೇ ಮುಗಿದಿದೆ. ರೈಲಿನ ಮುಂಭಾಗಕ್ಕೆ ಅಂಟಿ ನಿಂತ ಹುಡುಗ ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು, ಮೈಯ ಬಟ್ಟೆ ಹರಿಯುವಷ್ಟು ಸೆಟೆದು, ರೈಲನ್ನು ತಡೆಯುತ್ತಾನೆ. ಆಮೇಲೆ ಪ್ರಜ್ಞೆ ತಪ್ಪುತ್ತಾನೆ. ಒಳಗಿನ ಪ್ರಯಾಣಿಕರು ಅವನನ್ನು ಹಿಡಿದು, ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ, ನೆಲದ ಮೇಲೆ ಮಲಗಿಸುತ್ತಾರೆ. ಮುಖವಾಡವಿಲ್ಲದ ಮುಖ ನೋಡಿದಾಗ, ಇವನಿನ್ನೂ ಚಿಕ್ಕ ಹುಡುಗ ಎಂದು ಒಬ್ಬನಿಗೆ ಹೊಳೆಯುತ್ತದೆ. ಖಳನಾಯಕ ಮರಳಿ ಬಂದಾಗ ಅದೇ ಜನ ಅಡ್ಡ ನಿಲ್ಲುತ್ತಾರೆ. ಅವರಿಗೆ ಯಾವ ಶಕ್ತಿಯೂ ಇಲ್ಲ, ಆದರೂ ನಿಲ್ಲುತ್ತಾರೆ.

ಕಾಪಾಡಿಸಿಕೊಂಡವರಿಗೆ ಇಲ್ಲಿ ಒಂದು ಮುಖವಿದೆ. ನಾಯಕ ದೊಡ್ಡವನಾಗುವುದು ಅಲ್ಲಿಂದಲೇ.

ಇನ್ನು 2008ರ ಬ್ಯಾಟ್‌ಮ್ಯಾನ್ ಸಿನಿಮಾ 'ದ ಡಾರ್ಕ್ ನೈಟ್'. ಆ ಹೊತ್ತಿಗೆ ಬಂದ ಸೂಪರ್‌ಹೀರೋ ಸಿನಿಮಾಗಳಲ್ಲೇ ಅದು ಬಹಳ ಕರಾಳವಾದದ್ದು. ಆದರೆ ಅದರ ಕೊನೆಯ ಭಾಗದಲ್ಲಿ ಎರಡು ದೋಣಿಗಳಿವೆ. ಒಂದರಲ್ಲಿ ಸಾಮಾನ್ಯ ಜನ, ಇನ್ನೊಂದರಲ್ಲಿ ಕೈದಿಗಳು. ಒಬ್ಬರ ದೋಣಿ ಸ್ಫೋಟಿಸುವ ಗುಂಡಿ ಇನ್ನೊಬ್ಬರ ಕೈಯಲ್ಲಿ. ಯಾರೂ ಒತ್ತದಿದ್ದರೆ ಎರಡನ್ನೂ ಸ್ಫೋಟಿಸುವುದಾಗಿ ಖಳನಾಯಕ ಬೆದರಿಸಿದ್ದಾನೆ. ಜನರ ದೋಣಿಯಲ್ಲಿ ಮತದಾನವಾಗುತ್ತದೆ, ಬಹುಮತ ಗುಂಡಿ ಒತ್ತುವ ಕಡೆಗೇ ಬರುತ್ತದೆ. ಒತ್ತಲು ಮಾತ್ರ ಯಾರಿಗೂ ಕೈ ಬರುವುದಿಲ್ಲ. ಅತ್ತ ಒಬ್ಬ ಕೈದಿ ಆ ಸಾಧನವನ್ನು ಕೇಳಿ ತೆಗೆದುಕೊಂಡು ಕಿಟಕಿಯಾಚೆ ಎಸೆದುಬಿಡುತ್ತಾನೆ. ಅಷ್ಟು ಕತ್ತಲೆಯ ನಡುವೆಯೂ ಮನುಷ್ಯರ ಮೇಲಿನ ನಂಬಿಕೆಯನ್ನು ಆ ಕಥೆ ಬಿಟ್ಟುಕೊಡಲಿಲ್ಲ.

ಅದು ದೊಡ್ಡ ಯಶಸ್ಸು ಕಂಡ ಮೇಲೆ ಇಂಥ ಸಿನಿಮಾ ಮಾಡಿದವರಲ್ಲಿ ಅನೇಕರು ಎತ್ತಿಕೊಂಡದ್ದು ಅದರ ಬಣ್ಣವನ್ನು. ಮಳೆ, ರಾತ್ರಿ, ಬೂದುಬಣ್ಣ, ಬಿಗಿದ ಮುಖ. ದೋಣಿಯಲ್ಲಿದ್ದ ಜನರನ್ನು ಕೈಬಿಟ್ಟರು. 2013ರ 'ಮ್ಯಾನ್ ಆಫ್ ಸ್ಟೀಲ್'ನಲ್ಲಿ ಗಗನಚುಂಬಿ ಕಟ್ಟಡಗಳು ಸಾಲುಸಾಲಾಗಿ ಉರುಳುತ್ತವೆ. ಒಂದು ಕುಟುಂಬವನ್ನು ಉಳಿಸಲು ಸೂಪರ್‌ಮ್ಯಾನ್ ಎದುರಾಳಿಯ ಕತ್ತು ಮುರಿದು ನೋವಿನಿಂದ ಕೂಗುತ್ತಾನೆ. ಅವನು ಕೊಂದದ್ದರ ಬಗ್ಗೆಯೇ ಅಂದು ದೊಡ್ಡ ಚರ್ಚೆ ನಡೆಯಿತು. ನನ್ನನ್ನು ಕಾಡುವುದು ಬೇರೆ: ಅವನ ಕೂಗು ಮನಸ್ಸಿನಲ್ಲಿ ಉಳಿಯುತ್ತದೆ, ಬದುಕುಳಿದ ಆ ಕುಟುಂಬ ಮನಸ್ಸಿನಲ್ಲಿ ಉಳಿಯುವುದಿಲ್ಲ. ಉರುಳಿದ ಕಟ್ಟಡಗಳೊಳಗೆ ಯಾರಿದ್ದರು ಎಂದು ಕೇಳುವ ವ್ಯವಧಾನವೂ ಆ ಕಥೆಗಿಲ್ಲ. ನಾಯಕನ ಸಂಕಟವನ್ನು ಇಷ್ಟು ಹತ್ತಿರದಿಂದ ತೋರಿಸಿ, ಜನರ ಸಂಕಟವನ್ನು ಧೂಳಿನಲ್ಲಿ ಮುಚ್ಚುವುದು ನನಗೆ ಅನ್ಯಾಯವೆನಿಸುತ್ತದೆ.

2025ರ ಹೊಸ 'ಸೂಪರ್‌ಮ್ಯಾನ್' ಬಂದಾಗ ಬಣ್ಣ ಮರಳಿತೆಂದು ಸಂತೋಷಪಟ್ಟವರಿದ್ದಾರೆ. ನನಗೆ ಹಿಡಿಸಿದ್ದು ಬಣ್ಣವಲ್ಲ. ದೈತ್ಯನೊಂದಿಗಿನ ಕಾಳಗದ ನಡುವೆ ಒಂದು ಅಳಿಲನ್ನು ಎತ್ತಿ ಅಪಾಯದಿಂದಾಚೆ ಬಿಡುವಷ್ಟು ಪುರುಸೊತ್ತು ಅವನಿಗಿತ್ತು, ಅದು.

ಹಾಗೆಂದು ಎಲ್ಲವೂ ಹಗಲು ಬೆಳಕಿನಲ್ಲೇ ನಡೆಯಬೇಕಿಲ್ಲ. 2022ರ 'ದ ಬ್ಯಾಟ್‌ಮ್ಯಾನ್' ಹೆಚ್ಚುಕಡಿಮೆ ಮೂರು ಗಂಟೆಯ ರಾತ್ರಿ ಮತ್ತು ಮಳೆ. ನಾನೇ ಪ್ರತೀಕಾರ ಎಂದು ಹೇಳಿಕೊಂಡು ತಿರುಗುವ ನಾಯಕ, ಅದೇ ಮಾತನ್ನು ಕೊನೆಗೆ ಒಬ್ಬ ಹಂತಕನ ಬಾಯಿಯಲ್ಲಿ ಕೇಳುತ್ತಾನೆ. ಆಮೇಲೆ ಅವನು ಯಾರನ್ನೂ ಹೊಡೆಯಲು ಹೋಗುವುದಿಲ್ಲ. ನೆರೆನೀರಿಗಿಳಿದು, ಕೈಯಲ್ಲಿ ಕೆಂಪು ಬೆಳಕು ಹಿಡಿದು, ಸಿಕ್ಕಿಬಿದ್ದವರನ್ನು ಹೊರಗೆ ಕರೆತರುತ್ತಾನೆ. ಆ ಸಿನಿಮಾ ಕರಾಳವಾಯಿತೆಂದು ದೂರಲು ನನಗೆ ಮನಸ್ಸಾಗದು.

ನಮಸ್ಕಾರ.